ಉಂಗುರದ ಅಳತೆ ಮನೆಯಲ್ಲೇ: ದಾರವೋ, ಕಾಗದವೋ, ಹಳೆಯ ಉಂಗುರವೋ, ಪತ್ತಾರರ ಗೊಂಚಲೋ?

ಕಲಬುರಗಿ, ಯಾದಗಿರಿ ಕಡೆ ಎಷ್ಟೋ ಮನೆಗಳಲ್ಲಿ ಉಂಗುರದ ಅಳತೆ ಕೊಡುವುದು ಚಳಿಗಾಲದಲ್ಲಿ, ಅದನ್ನು ತೊಡುವುದು ಏಪ್ರಿಲ್-ಮೇ ತಿಂಗಳ ಲಗ್ನದ ಬಿಸಿಲಲ್ಲಿ. ಬಂಗಾರ ಕೊಳ್ಳುವ ಜಾಗವೂ ಈಗ ಒಂದೇ ಅಲ್ಲ. ಮಗ ಹೈದರಾಬಾದಿನಲ್ಲಿ ಕೆಲಸಕ್ಕಿದ್ದರೆ ಅಲ್ಲಿಂದಲೇ ತರುತ್ತಾನೆ, ಮಗಳು ಪುಣೆಯಲ್ಲಿ ಕೂತು ಮೊಬೈಲಿನಲ್ಲಿ ಆರ್ಡರ್ ಹಾಕುತ್ತಾಳೆ. ಸುರಪುರದಲ್ಲೋ ಔರಾದಿನಲ್ಲೋ ಇರುವ ಅವ್ವನಿಗೆ ಫೋನ್ ಬರುತ್ತದೆ: "ನಿನ್ನ ಬೆರಳಿನ ಸೈಜ್ ಎಷ್ಟು ಹೇಳು." ಅವ್ವ ಒಂದು ದಾರ ಸುತ್ತಿ, ಗಂಟು ಹಾಕಿ, ಫೋಟೊ ತೆಗೆದು ಕಳಿಸುತ್ತಾಳೆ. ಬಂದ ಉಂಗುರ ಗೆಣ್ಣು ದಾಟುವುದಿಲ್ಲ, ಇಲ್ಲವೇ ಕೈ ತೊಳೆಯುವಾಗ ಜಾರಿ ಮೋರಿಗೆ ಬೀಳುತ್ತದೆ.

ಮನೆಯಲ್ಲಿ ಅಳೆಯಬಾರದು ಎಂದು ನಾನು ಹೇಳುತ್ತಿಲ್ಲ. ಸರಿಯಾಗಿ ಅಳೆದರೆ ಒಂದು ಸೈಜಿನ ಒಳಗೆ ತಪ್ಪಿಲ್ಲದ ಅಳತೆ ಮನೆಯಲ್ಲೇ ಸಿಗುತ್ತದೆ. ಆದರೆ ಐದಾರು ವಿಧಾನಗಳಲ್ಲಿ ಎಲ್ಲಕ್ಕೂ ಒಂದೇ ಬೆಲೆ ಇಲ್ಲ. ಯಾವುದನ್ನು ಆರಿಸಬೇಕು ಅನ್ನುವುದು ಎರಡು ಮಾತಿನ ಮೇಲೆ ನಿಂತಿದೆ: ಆ ವಿಧಾನದಲ್ಲಿ ಸಣ್ಣ ತಪ್ಪು ಎಷ್ಟು ದೊಡ್ಡದಾಗುತ್ತದೆ, ಮತ್ತು ನೀವು ಕೊಳ್ಳುವ ಉಂಗುರವನ್ನು ಆಮೇಲೆ ತಿದ್ದಲು ಬರುತ್ತದೋ ಇಲ್ಲವೋ.

ಮೊದಲು ಒಂದು ಸಣ್ಣ ಲೆಕ್ಕ

ನಮ್ಮ ದೇಶದ ಅಂಗಡಿಗಳಲ್ಲಿ ನಡೆಯುವ ಸೈಜ್ ನಂಬರಿನ ಗುಟ್ಟು ಸರಳ. ಉಂಗುರದ ಒಳಸುತ್ತಳತೆಯನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಅದರಲ್ಲಿ 40 ಕಳೆದರೆ ಹೆಚ್ಚುಕಡಿಮೆ ಸೈಜ್ ಸಿಗುತ್ತದೆ. ಸುತ್ತಳತೆ 52 ಮಿ.ಮೀ. ಆದರೆ ಸೈಜ್ 12. 58 ಆದರೆ 18. ಕಂಪನಿಗಳ ಪಟ್ಟಿಗಳಲ್ಲಿ ದಶಮಾಂಶದ ವ್ಯತ್ಯಾಸ ಇರುತ್ತದೆ, ಅಷ್ಟೆ.

ಸೈಜ್ 8: ಸುತ್ತಳತೆ 48 ಮಿ.ಮೀ., ಒಳವ್ಯಾಸ ಸುಮಾರು 15.3
ಸೈಜ್ 10: 50 ಮಿ.ಮೀ., ವ್ಯಾಸ 15.9
ಸೈಜ್ 12: 52 ಮಿ.ಮೀ., ವ್ಯಾಸ 16.6
ಸೈಜ್ 14: 54 ಮಿ.ಮೀ., ವ್ಯಾಸ 17.2
ಸೈಜ್ 16: 56 ಮಿ.ಮೀ., ವ್ಯಾಸ 17.8
ಸೈಜ್ 18: 58 ಮಿ.ಮೀ., ವ್ಯಾಸ 18.5
ಸೈಜ್ 20: 60 ಮಿ.ಮೀ., ವ್ಯಾಸ 19.1
ಸೈಜ್ 22: 62 ಮಿ.ಮೀ., ವ್ಯಾಸ 19.7

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಸುತ್ತಳತೆಯಲ್ಲಿ 1 ಮಿ.ಮೀ. ತಪ್ಪಿದರೆ ಒಂದು ಸೈಜ್ ತಪ್ಪುತ್ತದೆ. ವ್ಯಾಸದಲ್ಲಿ ಅದೇ 1 ಮಿ.ಮೀ. ತಪ್ಪಿದರೆ ಮೂರು ಸೈಜ್ ತಪ್ಪುತ್ತದೆ, ಏಕೆಂದರೆ ಸುತ್ತಳತೆ ಎಂದರೆ ವ್ಯಾಸದ 3.14 ಪಟ್ಟು. ಹತ್ತನೇ ಇಯತ್ತೆಯ ಈ ಗಣಿತವೇ ಮುಂದಿನ ಹೋಲಿಕೆಗೆಲ್ಲ ಅಡಿಪಾಯ. ಉಂಗುರದ ಮೇಲೆ ಸ್ಕೇಲ್ ಇಟ್ಟು ವ್ಯಾಸ ಓದುವುದು ನೋಡಲು ಬಲು ಚೊಕ್ಕ ಅನ್ನಿಸುತ್ತದೆ. ಆದರೆ ಕಣ್ಣು ಅರ್ಧ ಮಿಲಿಮೀಟರ್ ಆಚೀಚೆಯಾದರೂ ಒಂದೂವರೆ ಸೈಜ್ ಹೋಯಿತು.

ಅಮೆರಿಕದ ಸೈಜ್ ಬೇರೆಯೇ ಲೆಕ್ಕ. ಅಲ್ಲಿನ 6 ಎಂದರೆ ನಮ್ಮ 12ರ ಹತ್ತಿರ, ಅಲ್ಲಿನ 7 ಎಂದರೆ ನಮ್ಮ 14 ಮತ್ತು 15ರ ನಡುವೆ. ಅಲ್ಲಿ ಒಂದು ಸೈಜ್ ಏರಿದರೆ ನಮ್ಮಲ್ಲಿ ಎರಡೂವರೆ ಏರಿದಂತೆ. ಹೊರದೇಶದಲ್ಲಿರುವ ಸಂಬಂಧಿಕರಿಗೆ ಬರೀ "ಏಳು" ಎಂದು ಹೇಳಿದರೆ ಎಡವಟ್ಟಾಗುವುದು ಇಲ್ಲಿಯೇ.

ದಾರ: ಎಲ್ಲರೂ ಮಾಡುವುದು, ನಾನು ಬೇಡ ಅನ್ನುವುದು

ದಾರದಲ್ಲಿ ಮೂರು ತೊಂದರೆ. ಎಳೆದರೆ ಹಿಗ್ಗುತ್ತದೆ. ಸುತ್ತುವಾಗ ಬೆರಳಿನ ಮೇಲೆ ಓರೆಯಾಗಿ ಕೂರುತ್ತದೆ. ಬಿಗಿ ಮಾಡಿದರೆ ಮಾಂಸದೊಳಗೆ ಇಳಿದು ಅಳತೆಯನ್ನು ಕಡಿಮೆ ಮಾಡುತ್ತದೆ. ನಾಲ್ಕನೆಯದು ಯಾರ ಗಮನಕ್ಕೂ ಬರುವುದಿಲ್ಲ: ದಾರದ ದಪ್ಪ. ಸುತ್ತಿದ ದಾರವನ್ನು ಬಿಚ್ಚಿ ಉದ್ದ ಅಳೆದಾಗ ಸಿಗುವುದು ಬೆರಳಿನ ಸುತ್ತಳತೆ ಮಾತ್ರ ಅಲ್ಲ, ಅದರ ಜೊತೆಗೆ ದಾರದ ದಪ್ಪದ 3.14 ಪಟ್ಟು. ಸಣ್ಣ ಹೊಲಿಗೆ ದಾರದ ದಪ್ಪ ಕಾಲು ಮಿ.ಮೀ. ಎಂದಿಟ್ಟುಕೊಂಡರೂ ಮುಕ್ಕಾಲು ಸೈಜ್ ಹೆಚ್ಚಾಯಿತು. ಕೈಗೆ ಸಿಕ್ಕ ಉಡದಾರದ ತುಂಡನ್ನೋ ಉಲ್ಲನ್ನೋ ಸುತ್ತಿದರೆ, 1 ಮಿ.ಮೀ. ದಪ್ಪಕ್ಕೆ ಮೂರು ಸೈಜ್ ದೊಡ್ಡದು.

ಅಂದರೆ ದಾರ ಒಮ್ಮೆ ಕಡಿಮೆ ತೋರಿಸುತ್ತದೆ, ಒಮ್ಮೆ ಹೆಚ್ಚು. ಯಾವ ಕಡೆಗೆ ತಪ್ಪಿದೆ ಎಂದು ನಿಮಗೆ ತಿಳಿಯುವುದೂ ಇಲ್ಲ. ದಾರವನ್ನೇ ಬಳಸಬೇಕಾದ ಪ್ರಸಂಗ ಬಂದರೆ ಸಣ್ಣ ಹೊಲಿಗೆ ದಾರ ತೆಗೆದುಕೊಂಡು, ಒತ್ತದೆ, ಸುತ್ತುಗಳು ಒಂದರ ಪಕ್ಕ ಒಂದು ಕೂರುವಂತೆ ಐದು ಸುತ್ತು ಹಾಕಿ, ಒಟ್ಟು ಉದ್ದವನ್ನು ಐದರಿಂದ ಭಾಗಿಸಿ, ಬಂದುದರಲ್ಲಿ ಮುಕ್ಕಾಲು ಮಿ.ಮೀ. ಕಳೆಯಿರಿ. ಇಷ್ಟು ಮಾಡುವ ಹೊತ್ತಿಗೆ ಕಾಗದದ ಪಟ್ಟಿ ಎರಡು ಸಲ ಕತ್ತರಿಸಬಹುದು.

ಕಾಗದದ ಪಟ್ಟಿ: ಮನೆಯ ವಿಧಾನಗಳಲ್ಲಿ ನನ್ನ ಮೊದಲ ಆಯ್ಕೆ

ಝೆರಾಕ್ಸ್ ಅಂಗಡಿಯ ಮಾಮೂಲಿ ಎ4 ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಅದರಿಂದ ಬರುವ ಹೆಚ್ಚಳ 0.3 ಮಿ.ಮೀ. ಮಾತ್ರ, ಅಂದರೆ ಸೈಜಿನ ಮೂರನೇ ಒಂದು ಪಾಲು. ಕಾಗದ ಹಿಗ್ಗುವುದಿಲ್ಲ. ಅಗಲ ಇರುವುದರಿಂದ ಮಾಂಸದೊಳಗೆ ಇಳಿಯುವುದಿಲ್ಲ, ಉಂಗುರ ಕೂರುವ ಹಾಗೆಯೇ ಬೆರಳಿನ ಮೇಲೆ ಕೂರುತ್ತದೆ.

ಪಟ್ಟಿಯನ್ನು ಹಾಳೆಯ ನೇರ ಅಂಚಿನಿಂದಲೇ ಕತ್ತರಿಸಿ, ಆಗ ಒಂದು ಬದಿಯಾದರೂ ಖಂಡಿತ ನೇರ ಇರುತ್ತದೆ. ಉದ್ದ ಒಂದು ಗೇಣಿನ ಅರ್ಧ ಸಾಕು. ಅಗಲ ನೀವು ಕೊಳ್ಳುವ ಉಂಗುರದಷ್ಟೇ ಇರಲಿ: ತೆಳು ಉಂಗುರಕ್ಕೆ 3 ಮಿ.ಮೀ., ಗಂಡಸರ ಅಗಲ ಉಂಗುರಕ್ಕೆ 6 ಅಥವಾ 8. ಈ ಒಂದು ಕೆಲಸದಿಂದ ಅಗಲ ಉಂಗುರ ಬಿಗಿಯಾಗುವ ಸಮಸ್ಯೆಯನ್ನು ಅಳೆಯುವಾಗಲೇ ಹಿಡಿಯಬಹುದು. ಪಟ್ಟಿಯನ್ನು ಹಾಗೇ ಸುತ್ತಿದರೆ ಮೂಲೆ ಮೂಲೆಯಾಗಿ ಮಡಚಿಕೊಳ್ಳುತ್ತದೆ. ಅದಕ್ಕೆ ಮೊದಲು ಪೆನ್ನಿನ ಮೇಲೆ ಒಮ್ಮೆ ಸುರುಳಿ ಸುತ್ತಿ ಬಿಡಿ, ಬಾಗು ಬರುತ್ತದೆ.

ಈಗ ಬೆರಳಿನ ಬುಡಕ್ಕೆ ಸುತ್ತಿ, ನೇರ ಅಂಚುಗಳು ಒಂದರ ಮೇಲೊಂದು ಕೂತಿವೆಯೇ ನೋಡಿ. ಓರೆಯಾಗಿದ್ದರೆ ಅಂಚುಗಳು ಕೂಡುವುದಿಲ್ಲ, ಗೊತ್ತಾಗಿಬಿಡುತ್ತದೆ. ದಾರಕ್ಕೆ ಈ ಅನುಕೂಲ ಇಲ್ಲ. ಮೇಲಿನ ತುದಿ ಕೆಳಗಿನ ಪಟ್ಟಿಯನ್ನು ಮುಟ್ಟುವಲ್ಲಿ ಚೂಪು ಪೆನ್ಸಿಲಿನಿಂದ ಗೆರೆ ಎಳೆಯಿರಿ. ಮುಖ್ಯವಾದದ್ದು ಇನ್ನು ಮುಂದಿದೆ. ಆ ಗೆರೆಗೆ ತುದಿಯನ್ನು ಹೊಂದಿಸಿ ಸೆಲೊಟೇಪ್ ಅಂಟಿಸಿ, ಕಾಗದದ ಉಂಗುರ ಮಾಡಿ. ಅದನ್ನು ಗೆಣ್ಣಿನ ಮೇಲಿಂದ ಮೆಲ್ಲಗೆ ತೆಗೆದು ಮತ್ತೆ ಹಾಕಿ ನೋಡಿ. ಹರಿದರೆ ಸಣ್ಣದಾಯಿತು; ಯಾವ ತಡೆಯೂ ಇಲ್ಲದೆ ಉದುರಿದರೆ ದೊಡ್ಡದಾಯಿತು. ಗೆಣ್ಣಿನ ಹತ್ತಿರ ಸ್ವಲ್ಪ ತಡೆದು, ತುಸು ತಿರುಗಿಸಿದ ಮೇಲೆ ಬರಬೇಕು. ಹಾಗೆ ಬರುವ ತನಕ 1 ಮಿ.ಮೀ. ಹೆಚ್ಚುಕಡಿಮೆ ಮಾಡಿ ಮತ್ತೆ ಅಂಟಿಸಿ.

ಕೊನೆಗೆ ಗೆರೆಯ ಮೇಲೆ ಕತ್ತರಿಸಿ, ಬಿಚ್ಚಿ, ಸ್ಕೇಲಿನ ಮೇಲಿಡಿ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲಿನ ತುದಿ ಸವೆದಿರುತ್ತದೆ. ಆದ್ದರಿಂದ ಸೊನ್ನೆಯಿಂದ ಬೇಡ, 10 ಮಿ.ಮೀ. ಗೆರೆಯಿಂದ ಶುರು ಮಾಡಿ ಬಂದುದರಲ್ಲಿ 10 ಕಳೆಯಿರಿ. ಅಳತೆ ಎರಡು ಸೈಜುಗಳ ನಡುವೆ ಬಂದರೆ ದೊಡ್ಡದನ್ನೇ ಹಿಡಿಯಿರಿ.

ಹಳೆಯ ಉಂಗುರ ಇದ್ದರೆ

ಅದೇ ಬೆರಳಿಗೆ ಸರಿಯಾಗಿ ಕೂರುವ ಉಂಗುರ ಮನೆಯಲ್ಲಿದ್ದರೆ ಅದು ಒಳ್ಳೆಯ ಸಾಕ್ಷಿ. "ಅದೇ ಬೆರಳು" ಎಂಬುದನ್ನು ಒತ್ತಿ ಹೇಳಬೇಕು. ಬಲಗೈಯಲ್ಲಿ ಕೆಲಸ ಮಾಡುವವರ ಬಲಗೈ ಉಂಗುರ ಬೆರಳು ಎಡಗೈಯದಕ್ಕಿಂತ ಸಾಮಾನ್ಯವಾಗಿ ತುಸು ದಪ್ಪ.

ಆ ಉಂಗುರವನ್ನು ಅಳೆಯುವುದು ಹೇಗೆ ಅನ್ನುವುದರಲ್ಲಿ ಮತ್ತೆ ಮೂರು ದಾರಿ. ಸ್ಕೇಲಿನಿಂದ ವ್ಯಾಸ ಓದುವುದು ದುರ್ಬಲ, ಕಾರಣ ಮೇಲೆ ಹೇಳಿದೆ. ಉಂಗುರವನ್ನು ಕಾಗದದ ಮೇಲಿಟ್ಟು ಒಳಗೆ ಪೆನ್ನು ತಿರುಗಿಸಿ ವೃತ್ತ ಬರೆಯುವುದು ಇನ್ನೂ ದುರ್ಬಲ: ಪೆನ್ನಿನ ಮೊನೆ ಅಂಚನ್ನು ಪೂರಾ ಮುಟ್ಟುವುದಿಲ್ಲ, ವೃತ್ತ ಯಾವಾಗಲೂ ಚಿಕ್ಕದೇ ಬರುತ್ತದೆ. ಮನೆಯಲ್ಲಿ ಪಿಯುಸಿ ವಿಜ್ಞಾನ ಓದುವವರಿದ್ದು ವರ್ನಿಯರ್ ಕ್ಯಾಲಿಪರ್ ಸಿಗುವಂತಿದ್ದರೆ ಅದರ ಮೇಲಿನ ಚಿಕ್ಕ ದವಡೆಗಳನ್ನು ಉಂಗುರದ ಒಳಗೆ ಅಗಲಿಸಿ ಓದಿ. ಶಾಲೆಯ ವರ್ನಿಯರ್ 0.1 ಮಿ.ಮೀ. ತನಕ ಹೇಳುತ್ತದೆ, ಅಂದರೆ ತಪ್ಪು ಸೈಜಿನ ಮೂರನೇ ಒಂದು ಪಾಲು. ಒಳವ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಮನೆಯಲ್ಲಿ ಸಿಗದು.

ವರ್ನಿಯರ್ ಇಲ್ಲದಿದ್ದರೆ ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ ಉಂಗುರದೊಳಗೆ ತೂರಿಸಿ, ಕೈ ಬಿಡಿ. ಸುರುಳಿ ತಾನಾಗಿ ಬಿಚ್ಚಿಕೊಂಡು ಉಂಗುರದ ಒಳಮೈಗೆ ಅಂಟಿ ನಿಲ್ಲುತ್ತದೆ. ಅಲ್ಲೇ ಟೇಪ್ ಹಚ್ಚಿ ಹೊರತೆಗೆದರೆ ಒಳಸುತ್ತಳತೆಯ ಅಚ್ಚು ಸಿಕ್ಕಿತು. ಅದರ ಹೊರಗೆ ಪಟ್ಟಿ ಸುತ್ತಿ ಅಳೆಯಬಹುದು, ಅಥವಾ ಆ ಕೊಳವೆಯನ್ನೇ ಪತ್ತಾರರ (ಅಕ್ಕಸಾಲಿಗರ) ಕೈಗೆ ಕೊಡಬಹುದು. ಸೊಸೆಯಾಗುವವಳಿಗೆ ಹೇಳದೆ ಉಂಗುರ ಮಾಡಿಸುವ ಆಸೆಯಿದ್ದವರಿಗೆ ಇದಕ್ಕಿಂತ ಉತ್ತಮ ಉಪಾಯ ನನಗೆ ಕಂಡಿಲ್ಲ. ಅವಳ ತಂಗಿಯನ್ನು ಒಪ್ಪಿಸಿದರೆ ಸಾಕು, ಉಂಗುರ ಐದು ನಿಮಿಷ ಸಿಕ್ಕರೂ ಕೆಲಸ ಆಗುತ್ತದೆ. ಅದು ಯಾವ ಕೈಯ ಯಾವ ಬೆರಳಿನದು ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ.

ಮೊಬೈಲ್ ಪರದೆ, ಪ್ರಿಂಟ್ ಹಾಳೆ

ಆ್ಯಪಿನ ಪರದೆಯ ಮೇಲೆ ಉಂಗುರ ಇಟ್ಟು ವೃತ್ತ ಹೊಂದಿಸುವುದು, ಅಥವಾ ಅಂಗಡಿಯವರ ಪಟ್ಟಿಯನ್ನು ಪ್ರಿಂಟ್ ತೆಗೆದು ಅದರ ಮೇಲೆ ಇಡುವುದು, ಎರಡೂ ಒಂದೇ ಷರತ್ತಿನ ಮೇಲೆ ನಡೆಯುತ್ತವೆ: ಚಿತ್ರ ನಿಜವಾದ ಗಾತ್ರದಲ್ಲಿ ಇರಬೇಕು. ಝೆರಾಕ್ಸ್ ಅಂಗಡಿಯಲ್ಲಿ ಹಾಳೆಗೆ ಹೊಂದುವಂತೆ ಪ್ರಿಂಟರ್ ತಾನೇ ಕುಗ್ಗಿಸಿಬಿಡುತ್ತದೆ. ನೂರಕ್ಕೆ ಮೂರರಷ್ಟು ಕುಗ್ಗಿದರೂ ಒಂದೂವರೆ ಸೈಜ್ ತಪ್ಪು. ಪರೀಕ್ಷೆ ಸುಲಭ. ಎಟಿಎಂ ಕಾರ್ಡ್ ಜಗತ್ತಿನಲ್ಲಿ ಎಲ್ಲಿ ಹೋದರೂ 85.6 ಮಿ.ಮೀ. ಉದ್ದ, 54 ಮಿ.ಮೀ. ಎತ್ತರ, ಪಾನ್ ಕಾರ್ಡ್, ಪ್ಲಾಸ್ಟಿಕ್ ಆಧಾರ್ ಕಾರ್ಡ್ ಕೂಡ ಅದೇ ಗಾತ್ರ. ಪ್ರಿಂಟ್ ಹಾಳೆಯಲ್ಲಿ ಕೊಟ್ಟಿರುವ ಅಳತೆಗೆರೆಯನ್ನು ಸ್ಕೇಲಿಗೆ ಹಿಡಿದು ನೋಡಿ. ಆ್ಯಪಿನಲ್ಲಿ ಕಾರ್ಡ್ ಇಟ್ಟು ಹೊಂದಿಸುವ ಸೌಲಭ್ಯ ಇಲ್ಲದಿದ್ದರೆ ಆ ಆ್ಯಪ್ ಬಿಡಿ. ವೃತ್ತ ಹೊಂದಿಸುವುದು ಉಂಗುರದ ಒಳ ಅಂಚಿಗೆ, ಒಂದೇ ಕಣ್ಣಿನಿಂದ ನೇರ ಮೇಲಿನಿಂದ ನೋಡುತ್ತ. ನನ್ನ ಅಭಿಪ್ರಾಯದಲ್ಲಿ ಇದು ಎರಡನೇ ಸಾಕ್ಷಿಯಾಗಿ ಒಳ್ಳೆಯದು, ಒಂದೇ ಸಾಕ್ಷಿಯಾಗಿ ಅಲ್ಲ.

ಪ್ಲಾಸ್ಟಿಕ್ ಬೆಲ್ಟ್ ಅಳತೆಪಟ್ಟಿಯೂ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಬೆರಳಿಗೆ ಹಾಕಿ ಎಳೆದರೆ ನಂಬರ್ ಬರುತ್ತದೆ, ಗೆಣ್ಣು ದಾಟಿಸಿಯೂ ನೋಡಬಹುದು. ಮನೆಯಲ್ಲಿ ಮೂರ್ನಾಲ್ಕು ಜನರಿಗೆ ಉಂಗುರ ಕೊಳ್ಳುವುದಿದ್ದರೆ ತರಿಸಿಕೊಳ್ಳಿ. ಅದರ ಮೇಲೆ ಅಮೆರಿಕದ ನಂಬರ್ ಇದೆಯೋ ಮಿಲಿಮೀಟರ್ ಇದೆಯೋ ಮೊದಲು ನೋಡಿ.

ಪತ್ತಾರರ ಗೊಂಚಲು

ಕಲಬುರಗಿಯ ಸರಾಫ್ ಬಜಾರಿನಲ್ಲಾಗಲಿ, ಬೀದರ್, ಯಾದಗಿರಿಯ ಪೇಟೆಗಳಲ್ಲಾಗಲಿ ಯಾವ ಪತ್ತಾರರ ಬಳಿ ಹೋದರೂ ನಂಬರ್ ಹಾಕಿದ ಲೋಹದ ಅಳತೆ ಉಂಗುರಗಳ ಗೊಂಚಲು ಇರುತ್ತದೆ, ಪಕ್ಕದಲ್ಲಿ ಗೆರೆ ಕೊರೆದ ಅಳತೆ ಕೋಲು ಇರುತ್ತದೆ. ಲೋಹದ ಉಂಗುರವನ್ನೇ ಹಾಕಿ ತೆಗೆದು ನೋಡುವುದಕ್ಕೆ ಮನೆಯ ಯಾವ ವಿಧಾನವೂ ಸಾಟಿಯಲ್ಲ. ಅಗಲ ಉಂಗುರ ಬೇಕಿದ್ದರೆ ಅಗಲ ಗೊಂಚಲನ್ನೇ ಕೇಳಿ. ತೆಳು ಗೊಂಚಲಿನಲ್ಲಿ 18 ಬಂದವರಿಗೆ 6 ಮಿ.ಮೀ. ದಾಟಿದ ಅಗಲದ ಉಂಗುರದಲ್ಲಿ 19 ಬೇಕಾಗಬಹುದು.

ಹಾಗಾದರೆ ಎಲ್ಲರೂ ಅಲ್ಲಿಗೇ ಹೋಗಬಾರದೇಕೆ? ಹಳ್ಳಿಯಿಂದ ಅಳತೆಗೆಂದೇ ಪೇಟೆಗೆ ಒಂದು ದಿನ ಹೋಗುವುದು ಬಿತ್ತನೆ ಕಾಲದಲ್ಲೋ ಹತ್ತಿ ಬಿಡಿಸುವ ಕಾಲದಲ್ಲೋ ಆಗುವ ಮಾತಲ್ಲ. ಹಾಸಿಗೆ ಹಿಡಿದ ಅಜ್ಜಿಗೆ, ಬಾಣಂತಿಗೆ ಅದು ಸಾಧ್ಯವೂ ಇಲ್ಲ. ಇನ್ನೊಂದು ಸಂಗತಿ ಇದೆ. ಪೇಟೆಯಲ್ಲಿ ಕೈ ನೋಡುವುದು ಒಂದೇ ಹೊತ್ತು, ಅದೂ ಬಿಸಿಲಲ್ಲಿ ಬಸ್ಸಿಳಿದು ಬಂದ ಕೈ. ಮನೆಯಲ್ಲಾದರೆ ಬೇರೆ ಬೇರೆ ಹೊತ್ತಿನಲ್ಲಿ ನೋಡಬಹುದು.

ಯಾವ ಹೊತ್ತಿನಲ್ಲಿ ಅಳೆಯಬೇಕು

ಸೆಕೆಗೆ ರಕ್ತನಾಳಗಳು ಹಿಗ್ಗಿ ಬೆರಳು ಊದುತ್ತದೆ, ಚಳಿಗೆ ಕುಗ್ಗುತ್ತದೆ. ವ್ಯತ್ಯಾಸ ಅರ್ಧದಿಂದ ಒಂದು ಸೈಜಿನಷ್ಟಾಗಬಹುದು. ಎತ್ತರದ ಮೇಲಿರುವ ಬೀದರಿನ ಡಿಸೆಂಬರ್ ಬೆಳಗಿನಲ್ಲಿ ಅಳೆದ ಬೆರಳು, 40 ಡಿಗ್ರಿ ದಾಟಿದ ಕಲಬುರಗಿಯ ಮೇ ಮಧ್ಯಾಹ್ನ ಮಂಟಪದಲ್ಲಿ ಕೂತಾಗ ಅದೇ ಬೆರಳಾಗಿ ಉಳಿಯುವುದಿಲ್ಲ. ಚಳಿಗಾಲದಲ್ಲಿ ಅಳೆದು ಬೇಸಿಗೆಯ ಲಗ್ನಕ್ಕೆ ಕೊಡುವುದಿದ್ದರೆ, ಸಂಜೆ ಅಳೆಯಿರಿ, ನಡುವೆ ಬಂದರೆ ಮೇಲಿನ ಸೈಜ್ ಕೊಡಿ. ಬೇಸಿಗೆಯಲ್ಲೇ ಅಳೆಯುವುದಿದ್ದರೆ ನಡುಮಧ್ಯಾಹ್ನ ಬಿಟ್ಟು, ಸ್ವಲ್ಪ ಹೊತ್ತು ನೆರಳಲ್ಲಿ ಕೂತು ಅಳೆಯಿರಿ.

ರೊಟ್ಟಿ ಬಡಿದ ಕೂಡಲೇ ಅಳೆಯಬೇಡಿ. ಬಿಸಿನೀರಿನ ಹಿಟ್ಟು ನಾದಿ, ಒಲೆಯ ಮುಂದೆ ಕೂತು ಬಡಿದ ಕೈ ಕೆಂಪಾಗಿ ಊದಿಕೊಂಡಿರುತ್ತದೆ. ಒಂದು ತಾಸು ಬಿಡಿ. ಹಿಂದಿನ ರಾತ್ರಿ ಉಪ್ಪು ಹೆಚ್ಚು ತಿಂದಿದ್ದರೆ ಬೆಳಗ್ಗೆಯೂ ಊತ ಇರುತ್ತದೆ. ಬಸುರಿಯ ಬೆರಳಿನ ಅಳತೆಯನ್ನು ಸದಾ ಹಾಕುವ ಉಂಗುರಕ್ಕೆ ನಂಬಬೇಡಿ. ಕುಬಸಕ್ಕೆ (ಸೀಮಂತಕ್ಕೆ) ಉಂಗುರ ಕೊಡುವ ಮನಸ್ಸಿದ್ದರೆ ಅವಳ ಹಳೆಯ ಉಂಗುರದಿಂದ ಅಳತೆ ತೆಗೆಯುವುದೇ ಸರಿ.

ಗೆಣ್ಣಿನ ಮಾತು ಬೇರೆಯೇ ಹೇಳಬೇಕು. ಹೊಲದಲ್ಲಿ ದುಡಿದ ಕೈಗಳಲ್ಲಿ, ಸಂಧಿವಾತ ಇರುವವರಲ್ಲಿ ಗೆಣ್ಣು ದಪ್ಪ, ಬುಡ ಸಣ್ಣ. ಎರಡನ್ನೂ ಅಳೆಯಿರಿ. ಬುಡ 54, ಗೆಣ್ಣು 56 ಬಂದರೆ 56 ಕೊಡಿ. ಬುಡ 54, ಗೆಣ್ಣು 60 ಬಂದರೆ 60ರ ಉಂಗುರ ಬುಡದಲ್ಲಿ ಗಿರಗಿರ ತಿರುಗುತ್ತದೆ, 55ರದು ಒಳಗೇ ಹೋಗದು. ಇಂಥವರು 58ರ ಹತ್ತಿರ ಮಾಡಿಸಿ, ಒಳಗೆ ಎರಡು ಸಣ್ಣ ಗುಂಡು ಬೆಸೆಯಲು ಪತ್ತಾರರಿಗೆ ಹೇಳಬಹುದು. ಗುಂಡುಗಳು ಉಂಗುರ ತಿರುಗದಂತೆ ಹಿಡಿಯುತ್ತವೆ.

ಯಾವ ಉಂಗುರಕ್ಕೆ ಯಾವ ಅಳತೆ ಸಾಕು

ಸಾದಾ 22 ಕ್ಯಾರೆಟ್ ಬಂಗಾರದ ಉಂಗುರಕ್ಕೆ ಕಾಗದದ ಪಟ್ಟಿ ಸಾಕು. ಒಂದು ಸೈಜ್ ತಪ್ಪಿದರೂ ಪತ್ತಾರರು ಹಿಗ್ಗಿಸುತ್ತಾರೆ, ಇಲ್ಲವೇ ಕೊಯ್ದು ಬೆಸೆದು ಕುಗ್ಗಿಸುತ್ತಾರೆ. ಒಳಗೆ ಹಾಲ್‌ಮಾರ್ಕ್ ಕೆತ್ತಿರುತ್ತದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಜೊತೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ, ಅಂದರೆ ಆ ಒಡವೆಯದೇ ಆದ ಗುರುತಿನ ಸಂಖ್ಯೆ, ಇರಲೇಬೇಕು. ಕೊಯ್ಯುವಾಗ ಆ ಜಾಗ ಬಿಟ್ಟು ಕೊಯ್ಯಲು ಹೇಳಿ.

ಸುತ್ತಲೂ ಹರಳು ಕೂರಿಸಿದ ಉಂಗುರವನ್ನು ಹಿಗ್ಗಿಸಿದರೆ ಹರಳು ಸಡಿಲಾಗುತ್ತದೆ, ಕೊಯ್ಯಲು ಖಾಲಿ ಜಾಗವೇ ಇರುವುದಿಲ್ಲ. ಇದಕ್ಕೆ ಮನೆಯ ಅಳತೆಯ ಮೇಲೆ ದುಡ್ಡು ಹಾಕಬೇಡಿ, ಗೊಂಚಲಿಗೇ ಹೋಗಿ. ದೊಡ್ಡ ಅಕೀಕ್ ಕೂರಿಸಿದ ಬೆಳ್ಳಿ ಉಂಗುರ ತುಸು ದೊಡ್ಡದಾದರೂ ಹರಳಿನ ಭಾರಕ್ಕೆ ಪಕ್ಕಕ್ಕೆ ವಾಲುತ್ತದೆ. ಅಲ್ಲಿ ಬಿಗಿಯ ಕಡೆಗಿನ ಸೈಜ್ ಒಳ್ಳೆಯದು, ಮೇಲೆ ಬೆಳ್ಳಿಯನ್ನು ತಿದ್ದುವುದೂ ಕಷ್ಟವಲ್ಲ.

ಬೀದರಿನ ಬಿದ್ರಿ ಕೆಲಸದ ಉಂಗುರ ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಬಿದ್ರಿಯ ಮೈ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ ಎರಕ, ಅದರ ಮೇಲೆ ಬೆಳ್ಳಿ ತಂತಿಯನ್ನೋ ತಗಡನ್ನೋ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬರಿಸಿರುತ್ತಾರೆ. ಬಂಗಾರದ ಹಾಗೆ ಅದು ಬಡಿತಕ್ಕೆ ಹಿಗ್ಗುವ ಲೋಹವಲ್ಲ. ಎಳೆದರೆ ಬಿರುಕು ಬಿಡುತ್ತದೆ, ಕಾಯಿಸಿದರೆ ಕೆಲಸವೂ ಕಪ್ಪೂ ಕೆಡುತ್ತವೆ. ಬೀದರಿಗೆ ಹೋದಾಗ ಕೈಗೆ ಹಾಕಿ ನೋಡಿಯೇ ತೆಗೆದುಕೊಳ್ಳಿ. ದೂರದವರಿಗೆ ಕೊಡುವುದಾದರೆ ಹಿಂಬದಿ ತೆರೆದಿರುವ ಮಾದರಿ ಇದೆಯೇ ಎಂದು ಕೇಳಿ.

ಕಾಲುಂಗುರಕ್ಕೆ ಇಷ್ಟೆಲ್ಲ ಬೇಡ. ಹೆಚ್ಚಿನವು ಬಾಯಿ ತೆರೆದೇ ಇರುತ್ತವೆ, ಒತ್ತಿದರೆ ಕೂರುತ್ತವೆ.

ಊರಿನಿಂದ ಅಳತೆ ಕಳಿಸುವವರು ಸೈಜ್ ನಂಬರಿನ ಬದಲು ಹೀಗೆ ಬರೆದು ಕಳಿಸಿ: "ಎಡಗೈ ಉಂಗುರ ಬೆರಳು. ಬುಡ 54 ಮಿ.ಮೀ., ಗೆಣ್ಣು 56 ಮಿ.ಮೀ. ಕಾಗದದ ಪಟ್ಟಿಯಿಂದ, ಜನವರಿಯಲ್ಲಿ, ಸಂಜೆ ಅಳೆದದ್ದು. ಪಟ್ಟಿಯ ಅಗಲ 4 ಮಿ.ಮೀ." ಇಷ್ಟು ಓದಿದರೆ ಹೈದರಾಬಾದಿನ ಅಂಗಡಿಯವರಾಗಲಿ ಊರಿನ ಪತ್ತಾರರಾಗಲಿ ಸೈಜನ್ನು ತಾವೇ ತೆಗೆಯುತ್ತಾರೆ. ಅಂಟಿಸಿದ ಕಾಗದದ ಉಂಗುರವನ್ನೇ ಊರಿಂದ ಹೊರಟವರ ಕೈಯಲ್ಲಿ ಕಳಿಸುವುದಾದರೆ ಒಂದು ಬೆಂಕಿಪೊಟ್ಟಣದೊಳಗೆ ಇಟ್ಟು ಕೊಡಿ, ಚೀಲದಲ್ಲಿ ಮಡಚಿಹೋಗುವುದಿಲ್ಲ.